ಶಸ್ತ್ರಗಾಯ, ಸೋಂಕು ಮತ್ತು ವೆಚ್ಚ: ಗದಗ ಸೀಮೆಯ ವೈದ್ಯಚರಿತ್ರೆಯಲ್ಲಿ ಪ್ರತಿಜೀವಕ ಔಷಧಗಳ ಸ್ಥಾನ

೧

ಒಂದು ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಅಲ್ಲಿಯ ಅರಸುಮನೆತನಗಳನ್ನೂ ದೇಗುಲಗಳನ್ನೂ ದಾನಶಾಸನಗಳನ್ನೂ ಅರಸಿಕೊಂಡು ಹೋಗುವುದು ವಾಡಿಕೆಯಾಗಿದೆ. ಆ ಸೀಮೆಯ ಜನರು ಬೇನೆ ಬಿದ್ದಾಗ ಎಲ್ಲಿಗೆ ಹೋಗುತ್ತಿದ್ದರು, ಯಾರ ಕೈಯಿಂದ ಔಷಧವನ್ನು ಪಡೆಯುತ್ತಿದ್ದರು, ಅದಕ್ಕಾಗಿ ಏನನ್ನು ತೆರುತ್ತಿದ್ದರು ಎಂಬ ಪ್ರಶ್ನೆಗಳು ಅಷ್ಟಾಗಿ ಏಳುವುದಿಲ್ಲ. ಆದರೆ ಜನಜೀವನದ ಚರಿತ್ರೆಗೆ ಇವು ಸಾಮಾನ್ಯವಾದ ಪ್ರಶ್ನೆಗಳಲ್ಲ. ಒಂದು ಮನೆತನವು ಹೊಲವನ್ನು ಒತ್ತೆಯಿಟ್ಟುದು ಬರಗಾಲದಿಂದಲೋ ಮದುವೆಯಿಂದಲೋ ದವಾಖಾನೆಯ ಖರ್ಚಿನಿಂದಲೋ ಎಂಬುದನ್ನು ಅರಿಯದೆ ಆ ಮನೆತನದ ಏಳುಬೀಳುಗಳನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ.

ಈ ಲೇಖನದಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಈ ನಾಲ್ಕು ಊರುಗಳ ಸುತ್ತಣ ಪ್ರದೇಶವನ್ನು ಮುಂದಿರಿಸಿಕೊಂಡು, ಶಸ್ತ್ರಕ್ರಿಯೆಗೆ ಒಳಗಾದ ರೋಗಿಗಳಿಗೆ ಕೊಡುವ ಪ್ರತಿಜೀವಕ ಔಷಧಗಳ ಚರಿತ್ರೆಯನ್ನು ವಿವೇಚಿಸಲಾಗಿದೆ. ಗಾಯವು ಕೀವುಗಟ್ಟದಂತೆ ತಡೆಯಲೆಂದು ಬಂದ ಔಷಧವು ಬೇಡವಾದ ಕಡೆಯಲ್ಲಿಯೂ, ಬೇಡವಾದಷ್ಟು ದಿನಗಳವರೆಗೂ ಬಳಕೆಯಾಗತೊಡಗಿದುದು ಹೇಗೆ, ಅದರ ಭಾರವು ಯಾರ ಮೇಲೆ ಬಿದ್ದಿತು ಎಂಬುದೇ ಇಲ್ಲಿಯ ಮುಖ್ಯ ವಿಷಯ. ಈ ಬಳಕೆಯು ಕೇವಲ ವೈದ್ಯರ ಅಜಾಗರೂಕತೆಯಿಂದ ಹುಟ್ಟಿದುದಲ್ಲ. ಒಂದು ಕಾಲಕ್ಕೆ ತಕ್ಕದಾಗಿದ್ದ ರೂಢಿಯು ಆ ಕಾಲವು ಕಳೆದ ಮೇಲೆಯೂ ಉಳಿದುಕೊಂಡುದೇ ಅದರ ಮೂಲ ಎಂಬುದು ನಮ್ಮ ಅಭಿಪ್ರಾಯ.

೨

ಲಕ್ಷ್ಮೇಶ್ವರವು ಪ್ರಾಚೀನ ಪುಲಿಗೆರೆ. ಪುಲಿಗೆರೆ ಮುನ್ನೂರರ ಮುಖ್ಯ ಸ್ಥಳ. ಗದಗವು ಬೆಳ್ವೊಲ ಮುನ್ನೂರಕ್ಕೆ ಸೇರಿದುದು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡನ್ನು ಹೇಳುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳೊಡನೆ ಪುಲಿಗೆರೆಯನ್ನು ಎಣಿಸಿರುವುದು ವಾಚಕರಿಗೆ ತಿಳಿದೇ ಇದೆ. ಇಂತಹ ನಾಡಿನ ಭಾಷೆಯಲ್ಲಿ ವೈದ್ಯಗ್ರಂಥಗಳು ಬಲು ಹಿಂದೆಯೇ ಹುಟ್ಟಿದುದು ಸಹಜ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೈದ್ಯವಿಷಯಗಳು ಸೇರಿವೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಅನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು. ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಇವೂ ಇದೇ ಪರಂಪರೆಗೆ ಸೇರಿದವು. ಬಳ್ಳಿಗಾವೆಯ ಕೋಡಿಯಮಠವು ನಾನಾ ವ್ಯಾಧಿಗಳಿಂದ ನರಳುವವರ ಚಿಕಿತ್ಸೆಗೆ ಆಶ್ರಯವಾಗಿತ್ತೆಂಬುದನ್ನು ೧೧೬೨ರ ಶಾಸನವು ತಿಳಿಸುತ್ತದೆ. ರೋಗಿಯ ಶುಶ್ರೂಷೆಯು ಧರ್ಮಕಾರ್ಯವೆಂದೂ ಅದರ ವೆಚ್ಚವನ್ನು ದತ್ತಿಯಿಂದ ನಡೆಸತಕ್ಕುದೆಂದೂ ಆ ಕಾಲದವರು ಭಾವಿಸಿದ್ದರೆಂಬುದಕ್ಕೆ ಇದೊಂದು ಸಾಕ್ಷ್ಯ.

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವು ಔಷಧಿಸಸ್ಯಗಳಿಗೆ ಹೆಸರಾದುದು. ಈ ಗುಡ್ಡಕ್ಕೆ ೨೦೧೯ರಲ್ಲಿ ವನ್ಯಜೀವಿಧಾಮವೆಂಬ ರಕ್ಷಣೆಯು ದೊರೆಯಿತು. ಸುತ್ತಲಿನ ಹಳ್ಳಿಗಳ ನಾಟಿವೈದ್ಯರು ಬೇರು, ತೊಗಟೆ, ಎಲೆಗಳನ್ನು ಇಲ್ಲಿಂದಲೇ ತರುತ್ತಿದ್ದರು. ಗಾಯಕ್ಕೆ ಅರಿಸಿನ, ಎಣ್ಣೆ, ಎಲೆಯ ರಸ, ಮುರಿದ ಎಲುಬಿಗೆ ಕಟ್ಟು ಇವು ಮನೆಮನೆಗೂ ತಿಳಿದಿದ್ದ ಉಪಾಯಗಳು. ಆದರೆ ಹೊಟ್ಟೆಯನ್ನು ತೆರೆದು ಒಳಗಿನ ರೋಗವನ್ನು ತೆಗೆಯುವ ಶಸ್ತ್ರಕ್ರಿಯೆಯು ಈ ಸೀಮೆಯಲ್ಲಿ ರೂಢಿಯಾಗಿರಲಿಲ್ಲ. ಸುಶ್ರುತನ ಕಾಲದ ಶಸ್ತ್ರವಿದ್ಯೆಯು ಗ್ರಂಥಗಳಲ್ಲಿ ಉಳಿದಿತ್ತು. ಕೈಯಲ್ಲಿ ಉಳಿದುದು ಕುರುವನ್ನು ಕೊಯ್ಯುವಂತಹ ಅಲ್ಪಕಾರ್ಯ ಮಾತ್ರ.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಾಲ್ಕು ಊರುಗಳು ಒಂದೇ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರವು ಮೀರಜ ಹಿರಿಯ ಸಂಸ್ಥಾನಕ್ಕೂ, ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಒಂದು ದಿನದ ಬಂಡಿಪಯಣದಲ್ಲಿ ಮೂರು ಸರಕಾರಗಳ ಎಲ್ಲೆಗಳನ್ನು ದಾಟಬಹುದಾಗಿತ್ತು. ಈ ಒಡಕು ವೈದ್ಯಚರಿತ್ರೆಯಲ್ಲಿಯೂ ಕಾಣಿಸುತ್ತದೆ. ಏಕೆಂದರೆ ದವಾಖಾನೆಯನ್ನು ತೆರೆಯುವುದೂ ಬಿಡುವುದೂ ಆಯಾ ಸರಕಾರದ ಇಚ್ಛೆಗೆ ಸೇರಿದ ಮಾತಾಗಿತ್ತು.

ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೩೭ರಲ್ಲಿ ಧಾರವಾಡದಲ್ಲಿ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿ, ೧೮೪೧ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಬೆಟಗೇರಿಯಲ್ಲಿ ಅವರ ವೈದ್ಯಸೇವೆಯು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆಸ್ಪತ್ರೆಯ ರೂಪವನ್ನು ತಾಳಿತು. ಅತ್ತ ಮೀರಜದಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು ೧೮೯೪ರಲ್ಲಿ ಆಸ್ಪತ್ರೆಯನ್ನು ತೆರೆದರು. ಅದು ಶಸ್ತ್ರಕ್ರಿಯೆಗೆ ದಕ್ಷಿಣ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಹೆಸರುವಾಸಿಯಾಯಿತು. ಲಕ್ಷ್ಮೇಶ್ವರದವರಿಗೆ ಮೀರಜವು ಸಂಸ್ಥಾನದ ರಾಜಧಾನಿ. ಕಂದಾಯದ ತಕರಾರಿಗೂ ಹೊಟ್ಟೆಯ ಗಂಟಿಗೂ ಹೋಗತಕ್ಕ ಊರು ಒಂದೇ ಆಯಿತು. ೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೇಲ್ವೆಯು ಗದಗಕ್ಕೆ ಬಂದುದು ಈ ಪ್ರಯಾಣಗಳಿಗೆ ಅನುಕೂಲವಾಯಿತು.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ವಾನ್ಲೆಸ್ ಮತ್ತು ಅವರ ಸಮಕಾಲೀನರು ಶಸ್ತ್ರಕ್ರಿಯೆ ನಡೆಸಿದುದು ಪೆನಿಸಿಲಿನ್ ಇಲ್ಲದ ಕಾಲದಲ್ಲಿ. ೧೮೪೭ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಪ್ರಸೂತಿಗೃಹದ ವೈದ್ಯರು ಕೈತೊಳೆದುಕೊಳ್ಳಬೇಕೆಂದು ವಿಧಿಸಿದನು. ೧೮೬೭ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ರಕ್ಷಿಸುವ ವಿಧಾನವನ್ನು ಪ್ರಕಟಿಸಿದನು. ಬಳಿಕ ಉಪಕರಣಗಳನ್ನು ಕುದಿಸುವುದು, ಬಟ್ಟೆಗಳನ್ನು ಉಗಿಯಲ್ಲಿ ಬೇಯಿಸುವುದು, ರಬ್ಬರಿನ ಕೈಚೀಲ ತೊಡುವುದು ರೂಢಿಗೆ ಬಂದವು. ಶಸ್ತ್ರವೈದ್ಯನ ಬಲವೆಲ್ಲವೂ ಈ ಶುಚಿತ್ವದಲ್ಲಿಯೇ ಇದ್ದಿತು. ಗಾಯವು ಒಮ್ಮೆ ಕೆಟ್ಟಿತೆಂದರೆ ಅದನ್ನು ಸರಿಪಡಿಸುವ ಔಷಧವಿರಲಿಲ್ಲವಾದುದರಿಂದ ಅದು ಕೆಡದಂತೆ ನೋಡಿಕೊಳ್ಳುವುದೇ ವಿದ್ಯೆಯ ಸಾರವಾಗಿತ್ತು.

ಶುಚಿತ್ವದ ಲೋಪದಿಂದ ಏನಾಗಬಲ್ಲದೆಂಬುದನ್ನು ಪ್ಲೇಗಿನ ಕಾಲವು ತೋರಿಸಿಕೊಟ್ಟಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರಲ್ಲಿ ಧಾರವಾಡ ಜಿಲ್ಲೆಯನ್ನು ಮುತ್ತಿತು. ಹಾಫ್ಕಿನ್ ಅವರು ೧೮೯೭ರಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಬಹುಸಂಖ್ಯೆಯಲ್ಲಿ ಚುಚ್ಚಲಾಯಿತು. ಧಾರವಾಡ ಮತ್ತು ಗದಗಗಳಲ್ಲಿಯೂ ಈ ಕಾರ್ಯವು ನಡೆಯಿತು. ಭಾರತದ ಪ್ಲೇಗ್ ಆಯೋಗವು ಲಸಿಕೆಯ ಫಲವನ್ನು ನಿರ್ಣಯಿಸುವಾಗ ಈ ಪಟ್ಟಣಗಳ ಅಂಕಿಗಳನ್ನು ವಿಚಾರಣೆಗೆ ತೆಗೆದುಕೊಂಡಿತು. ಆದರೆ ೧೯೦೨ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಧನುರ್ವಾಯುವಿನ ಅಣುಜೀವಿಗಳು ಸೇರಿದ್ದ ಒಂದು ಸೀಸೆಯಿಂದ ಲಸಿಕೆ ಪಡೆದ ೧೯ ಜನರು ಮೃತರಾದರು. ಔಷಧವು ಎಷ್ಟು ಒಳ್ಳೆಯದಾಗಿದ್ದರೂ ಅದನ್ನು ಸುತ್ತುವರಿದ ಶುಚಿತ್ವವು ಕೆಟ್ಟರೆ ಅದೇ ವಿಷವಾಗುವುದೆಂಬ ಪಾಠವು ಹೀಗೆ ನಮ್ಮ ದೇಶದಲ್ಲಿ ಬಹು ಬೆಲೆತೆತ್ತು ಕಲಿತುದಾಗಿದೆ.

೪

ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ನಿನ ಗುಣವನ್ನು ಗುರುತಿಸಿದುದು ೧೯೨೮ರಲ್ಲಿ. ಆಕ್ಸ್‌ಫರ್ಡಿನ ಫ್ಲೋರೀ ಮತ್ತು ಚೇನ್ ಅದನ್ನು ಔಷಧವನ್ನಾಗಿ ಮಾಡಿದುದು ೧೯೪೦ರ ಬಳಿಕ. ಈ ನಡುವೆ ೧೯೩೫ರಲ್ಲಿ ಸಲ್ಫಾ ಔಷಧಗಳು ಬಂದಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆನಿಸಿಲಿನ್ ಸೈನ್ಯಕ್ಕೆ ಮೀಸಲಾಗಿತ್ತು. ೧೯೪೪ರ ಫೆಬ್ರುವರಿಯಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದ ಕಸ್ತೂರಬಾ ಅವರಿಗಾಗಿ ಪೆನಿಸಿಲಿನ್ನನ್ನು ವಿಮಾನದ ಮೂಲಕ ತರಿಸಬೇಕಾಯಿತು. ಆದರೆ ಅದನ್ನು ಕೊಡಲಿಲ್ಲ. ಅಂತಹ ದುರ್ಲಭವಸ್ತುವು ಹತ್ತೇ ವರ್ಷಗಳಲ್ಲಿ ಸುಲಭವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಪುಣೆಯ ಹತ್ತಿರದ ಪಿಂಪ್ರಿಯಲ್ಲಿ ಹಿಂದುಸ್ಥಾನ್ ಆ್ಯಂಟಿಬಯೋಟಿಕ್ಸ್ ಕಾರಖಾನೆಯು ೧೯೫೪ರಲ್ಲಿ ಸ್ಥಾಪಿತವಾಗಿ ೧೯೫೫ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕನ್ನಡ ನಾಡಿನವರಾದ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್ ಅವರು ಈ ಸಂಸ್ಥೆಯಲ್ಲಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಕಂಡುಹಿಡಿದುದು ನಮಗೆ ಅಭಿಮಾನದ ವಿಷಯ. ಮಣ್ಣಿನ ಅಣುಜೀವಿಯೇ ಮಾರಕವಾದ ಅಣುಜೀವಿಯನ್ನು ಕೊಲ್ಲಬಲ್ಲುದೆಂಬ ಈ ಹೊಸ ಶಾಸ್ತ್ರದಲ್ಲಿ ನಮ್ಮವರೂ ಪಾಲುಗೊಂಡರು. ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಆ್ಯಂಡ್ ಫಾರ್ಮಾಸ್ಯೂಟಿಕಲ್ಸ್ ಸಂಸ್ಥೆಯು ಹುಟ್ಟಿದುದು ೧೯೮೧ರಲ್ಲಿ.

ಇದೇ ಕಾಲದಲ್ಲಿ ರಾಜಕೀಯ ಎಲ್ಲೆಗಳೂ ಅಳಿಸಿಹೋದವು. ೧೯೪೮ರಲ್ಲಿ ಮೀರಜ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರ ನವೆಂಬರ್ ೧ರಂದು ನಾಲ್ಕೂ ಊರುಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಮರುವರ್ಷವೇ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾಯಿತು. ಮೀರಜಕ್ಕೆ ಹೋಗುತ್ತಿದ್ದ ಲಕ್ಷ್ಮೇಶ್ವರದ ರೋಗಿಯು ಹುಬ್ಬಳ್ಳಿಯ ದಾರಿ ಹಿಡಿದನು. ೧೯೯೭ರಲ್ಲಿ ಗದಗವು ಪ್ರತ್ಯೇಕ ಜಿಲ್ಲೆಯಾಯಿತು. ೨೦೧೫ರಲ್ಲಿ ಮಲ್ಲಸಮುದ್ರದ ಬಳಿ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಯಿತು. ಶಸ್ತ್ರಕ್ರಿಯೆಯು ದೂರದ ಮಾತಾಗದೆ ಜಿಲ್ಲಾಸ್ಥಳದ ನಿತ್ಯದ ಕೆಲಸವಾಯಿತು. ಹರ್ನಿಯಾ, ಅಪೆಂಡಿಕ್ಸ್, ಸಿಸೇರಿಯನ್ ಹೆರಿಗೆ, ಗರ್ಭಕೋಶದ ಶಸ್ತ್ರಕ್ರಿಯೆ ಇವು ಹಳ್ಳಿಯ ಹೆಂಗಸರ ಬಾಯಲ್ಲಿಯೂ ಓಡಾಡುವ ಮಾತುಗಳಾದವು.

೫

ಹೊಸ ಔಷಧದ ಅಪಾಯವನ್ನು ಮೊದಲು ಸಾರಿದವನು ಅದನ್ನು ಕಂಡವನೇ. ೧೯೪೫ರ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ ಸಂದರ್ಭದ ಉಪನ್ಯಾಸದಲ್ಲಿ ಫ್ಲೆಮಿಂಗ್ ಒಂದು ಕಲ್ಪಿತ ಪ್ರಸಂಗವನ್ನು ಹೇಳಿದನು. ಗಂಟಲುನೋವು ಬಂದ ಗೃಹಸ್ಥನು ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ಪ್ರಮಾಣದಲ್ಲಿ ಸೇವಿಸುತ್ತಾನೆ. ಸಾಯದೆ ಉಳಿದ ಅಣುಜೀವಿಗಳು ಔಷಧವನ್ನು ಎದುರಿಸಲು ಕಲಿಯುತ್ತವೆ. ಅವು ಅವನ ಹೆಂಡತಿಗೆ ತಗಲಿ ಅವಳು ಸಾಯುತ್ತಾಳೆ. ಈ ಕತೆಯು ಕತೆಯಾಗಿಯೇ ಉಳಿಯಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ವಿದುಷಿಯು ಗಾಯಗಳಲ್ಲಿ ಕೀವನ್ನುಂಟುಮಾಡುವ ಸ್ಟೆಫಿಲೊಕಾಕಸ್ ಅಣುಜೀವಿಗಳನ್ನು ಪರೀಕ್ಷಿಸಿದಳು. ಪೆನಿಸಿಲಿನ್ನಿಗೆ ಜಗ್ಗದವು ೧೯೪೬ರಲ್ಲಿ ನೂರಕ್ಕೆ ೧೪, ೧೯೪೭ರಲ್ಲಿ ೩೮, ೧೯೪೮ರಲ್ಲಿ ೫೯ ಇದ್ದವು. ಮೂರು ವರ್ಷಗಳೊಳಗಾಗಿ ಒಂದು ಆಸ್ಪತ್ರೆಯಲ್ಲಿ ದಿವ್ಯೌಷಧವು ಅರ್ಧಕ್ಕಿಂತ ಹೆಚ್ಚು ಸಲ ಸೋಲುವಂತಾಯಿತು. ಬಳಿಕ ಬಂದ ಮೆಥಿಸಿಲಿನ್ ಎಂಬ ಔಷಧಕ್ಕೂ ೧೯೬೧ರ ಹೊತ್ತಿಗೆ ಪ್ರತಿರೋಧವು ಕಾಣಿಸಿತು.

ಫ್ಲೆಮಿಂಗನ ಎಚ್ಚರಿಕೆಯು ಸರಿಯಾದುದೇ. ಆದರೆ ಲೋಕವು ಅದರಿಂದ ತೆಗೆದ ತಾತ್ಪರ್ಯವು ಅರ್ಧವಾಗಿತ್ತು. ಕಡಿಮೆ ಕೊಟ್ಟರೆ ಕೇಡೆಂದು ಅವನು ಹೇಳಿದುದರಿಂದ, ಹೆಚ್ಚು ದಿನ ಕೊಟ್ಟಷ್ಟೂ ಕ್ಷೇಮವೆಂಬ ಭಾವನೆಯು ಬೆಳೆಯಿತು. ರೋಗವನ್ನು ಗುಣಪಡಿಸಲು ಕೊಡುವ ಔಷಧಕ್ಕೂ, ಇನ್ನೂ ಬಾರದ ಸೋಂಕನ್ನು ತಡೆಯಲು ಕೊಡುವ ಔಷಧಕ್ಕೂ ಇರುವ ಭೇದವು ಮರೆತುಹೋಯಿತು. ಕೀವುಗಟ್ಟಿದ ಗಾಯವುಳ್ಳವನಿಗೆ ವೈದ್ಯರು ವಿಧಿಸಿದಷ್ಟು ದಿನ ಔಷಧವು ನಡೆಯಬೇಕು. ಶುದ್ಧವಾದ ಹೊಸ ಗಾಯದ ಮಾತೇ ಬೇರೆ.

ಆ ಭೇದವನ್ನು ಪ್ರಯೋಗದಿಂದ ತೋರಿಸಿದವನು ಅಮೆರಿಕದ ಶಸ್ತ್ರವೈದ್ಯ ಜಾನ್ ಬರ್ಕ್. ಅವನು ೧೯೬೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಿನಿಯಿಲಿಗಳ ಚರ್ಮದಲ್ಲಿ ಅಣುಜೀವಿಗಳನ್ನು ಸೇರಿಸಿ, ಬೇರೆ ಬೇರೆ ಹೊತ್ತಿನಲ್ಲಿ ಔಷಧವನ್ನು ಕೊಟ್ಟನು. ಅಣುಜೀವಿಗಳು ಸೇರುವ ಮೊದಲೇ ಔಷಧವು ಮೈಯಲ್ಲಿದ್ದರೆ ಫಲವು ಉತ್ತಮವಾಗಿದ್ದಿತು; ಮೂರು ತಾಸುಗಳು ಕಳೆದ ಮೇಲೆ ಕೊಟ್ಟುದರಿಂದ ಪ್ರಯೋಜನವಾಗಲಿಲ್ಲ. ಮನುಷ್ಯರ ವಿಷಯದಲ್ಲಿ ಇದಕ್ಕೆ ಬಲವಾದ ಆಧಾರವು ದೊರೆತುದು ೧೯೯೨ರಲ್ಲಿ. ಅಮೆರಿಕದ ಸಾಲ್ಟ್ ಲೇಕ್ ನಗರದ ಒಂದು ಆಸ್ಪತ್ರೆಯಲ್ಲಿ ೨,೮೪೭ ರೋಗಿಗಳನ್ನು ಕ್ಲಾಸೆನ್ ಮತ್ತು ಅವರ ಸಂಗಡಿಗರು ಪರಿಶೀಲಿಸಿದರು. ಕೊಯ್ತಕ್ಕೆ ಮುಂಚಿನ ಎರಡು ತಾಸುಗಳೊಳಗೆ ಔಷಧ ಪಡೆದವರಲ್ಲಿ ಗಾಯದ ಸೋಂಕು ನೂರಕ್ಕೆ ೦.೬ ಮಾತ್ರ. ಅದಕ್ಕಿಂತ ಬಹಳ ಮೊದಲೇ ಪಡೆದವರಲ್ಲಿ ೩.೮, ಕೊಯ್ತದ ಬಳಿಕ ಮೂರು ತಾಸು ಕಳೆದ ಮೇಲೆ ಪಡೆದವರಲ್ಲಿ ೩.೩. ಇದರ ತಾತ್ಪರ್ಯವು ಸ್ಪಷ್ಟವಾಗಿದೆ: ಕಾಪಾಡುವುದು ಔಷಧದ ಹೊತ್ತು, ಅದರ ದಿನಗಳ ಸಂಖ್ಯೆಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೬ರಲ್ಲಿ ಶಸ್ತ್ರಗಾಯದ ಸೋಂಕನ್ನು ತಡೆಯುವ ಸೂತ್ರಗಳನ್ನು ಹೊರಡಿಸಿದಾಗ ಇದನ್ನೇ ವಿಧಿಯಾಗಿ ಹೇಳಿತು. ಔಷಧವು ಬೇಕಾದ ಶಸ್ತ್ರಕ್ರಿಯೆಗಳಲ್ಲಿ ಅದನ್ನು ಕೊಯ್ತಕ್ಕೆ ಮುಂಚಿನ ೧೨೦ ನಿಮಿಷಗಳೊಳಗೆ ಕೊಡಬೇಕು. ಸೋಂಕನ್ನು ತಡೆಯುವ ಸಲುವಾಗಿ ಶಸ್ತ್ರಕ್ರಿಯೆಯು ಮುಗಿದ ಮೇಲೆ ಅದನ್ನು ಮುಂದುವರಿಸಕೂಡದು. ಸೆಫಜೊಲಿನ್‌ನಂತಹ ಹಳೆಯ, ಸರಳವಾದ ಔಷಧವೇ ಬಹುತೇಕ ಶಸ್ತ್ರಕ್ರಿಯೆಗಳಿಗೆ ಸಾಕು. ಅದೇ ಸಂಸ್ಥೆಯು ೨೦೧೭ರಲ್ಲಿ ಪ್ರತಿಜೀವಕಗಳನ್ನು ಸಾಮಾನ್ಯ ಬಳಕೆಯವು, ಎಚ್ಚರದಿಂದ ಬಳಸತಕ್ಕವು, ಕಡೆಯ ಆಸರೆಗೆ ಮೀಸಲಾದವು ಎಂದು ಮೂರು ವರ್ಗಗಳಾಗಿ ವಿಂಗಡಿಸಿತು. ಸೆಫಜೊಲಿನ್ ಮೊದಲನೆಯ ವರ್ಗದ್ದು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸೆಫ್ಟ್ರಿಯಾಕ್ಸೋನ್ ಎರಡನೆಯದು.

೬

ಹೀಗಿದ್ದರೂ ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯಾದ ಮೇಲೆ ಐದು ದಿನ, ಏಳು ದಿನ ಪ್ರತಿಜೀವಕಗಳನ್ನು ಕೊಡುವ ರೂಢಿಯು ಉಳಿದುಬಂದಿದೆ. ಒಂದು ಔಷಧ ಸಾಲದೆಂದು ಎರಡು, ಎರಡು ಸಾಲದೆಂದು ಮೂರನ್ನು ಕೂಡಿಸುವುದೂ ಉಂಟು. ಇದಕ್ಕೆ ಕಾರಣಗಳೇನು?

ಮೊದಲನೆಯದು ನೀರು. ಶಸ್ತ್ರವೈದ್ಯನ ಕೈಯೂ ಉಪಕರಣವೂ ನೆಲವೂ ಹಾಸಿಗೆಯೂ ಶುದ್ಧವಾಗಿರಬೇಕಾದರೆ ಧಾರಾಳವಾದ ನೀರು ಬೇಕು. ಗದಗ-ಬೆಟಗೇರಿಯ ನೀರಿನ ಬವಣೆಯು ಸುತ್ತಲಿನವರೆಲ್ಲರಿಗೂ ತಿಳಿದುದು. ತುಂಗಭದ್ರೆಯು ಮುಂಡರಗಿ, ಶಿರಹಟ್ಟಿ ತಾಲೂಕುಗಳ ಅಂಚಿನಲ್ಲಿ ಹರಿಯುತ್ತಿದ್ದರೂ ಅವಳಿ ನಗರಕ್ಕೆ ಅದನ್ನು ಬಲು ದೂರದಿಂದ ಏರಿಸಿ ತರಬೇಕು. ಬೇಸಗೆಯಲ್ಲಿ ಮನೆಯವರು ಕೊಡಗಳನ್ನು ಸಾಲಿಟ್ಟು ಕಾಯುವ ಊರಿನಲ್ಲಿ ಆಸ್ಪತ್ರೆಯ ನಳದ ನೀರನ್ನು ನೆಚ್ಚುವುದು ಕಷ್ಟ. ನೀರು ಕಡಿಮೆಯಾದಲ್ಲಿ ಔಷಧವನ್ನು ಹೆಚ್ಚಿಸುವ ಮನಸ್ಸು ವೈದ್ಯನಿಗೆ ಬಂದರೆ ಅದು ಅಸಹಜವಲ್ಲ. ಆದರೆ ಕೈಯ ಕೊಳೆಯನ್ನು ತೊಳೆಯುವ ಕೆಲಸವನ್ನು ಔಷಧವು ಮಾಡಲಾರದು.

ಎರಡನೆಯದು ದೂರ. ಮುಂಡರಗಿಯ ಹೊಳೆಸಾಲಿನ ಹಳ್ಳಿಯವನು ಹೊಲಿಗೆ ಬಿಚ್ಚಿಸಿಕೊಂಡು ಹೋದ ಮೇಲೆ ಗಾಯವು ಕೆಟ್ಟರೆ ಮರಳಿ ಬರುವನೆಂಬ ನೆಚ್ಚಿಕೆಯಿಲ್ಲ. ಆದುದರಿಂದ ವೈದ್ಯನು ಮುನ್ನೆಚ್ಚರಿಕೆಯೆಂದು ಗುಳಿಗೆಗಳನ್ನು ಕಟ್ಟಿಕೊಡುತ್ತಾನೆ. ಮೂರನೆಯದು ಅಪವಾದದ ಭಯ. ಗಾಯವು ಕೆಟ್ಟರೆ ಔಷಧ ಕೊಡಲಿಲ್ಲವೆಂಬ ದೂರು ಬರುವುದೇ ಹೊರತು, ಹೆಚ್ಚು ಕೊಟ್ಟನೆಂಬ ದೂರನ್ನು ಯಾರೂ ತರುವುದಿಲ್ಲ. ನಾಲ್ಕನೆಯದು ರೋಗಿಯ ಮನೆಯವರ ನಂಬಿಕೆ. ಸೂಜಿ ಚುಚ್ಚದೆ, ಸಲಾಯಿನ್ ಹಚ್ಚದೆ ಮಲಗಿಸಿದರೆ ದವಾಖಾನೆಯವರು ಲಕ್ಷ್ಯ ಕೊಡಲಿಲ್ಲವೆಂದು ಅವರು ನೊಂದುಕೊಳ್ಳುವುದುಂಟು. ಔಷಧದಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆಯೂ ಪ್ರತಿಜೀವಕಗಳು ಸಿಗುತ್ತ ಬಂದುದು ಇದಕ್ಕೆ ಪುಷ್ಟಿಯನ್ನು ಕೊಟ್ಟಿದೆ.

ಈ ಕಾರಣಗಳಲ್ಲಿ ಯಾವುದೂ ದುರುದ್ದೇಶದಿಂದ ಕೂಡಿದುದಲ್ಲ. ನೀರು, ಉಗಿಯಂತ್ರ, ದಾದಿಯರು, ರಸ್ತೆ ಯಾವುದೂ ಸಾಲದಿದ್ದ ಕಾಲದಲ್ಲಿ ಔಷಧದ ಮೇಲೆ ಭಾರ ಹಾಕಿದುದನ್ನು ನಾವು ಹಳಿಯಲಾಗದು. ಆದರೆ ಪೆನಿಸಿಲಿನ್ ಬರುವ ಮೊದಲು ಶುಚಿತ್ವವೇ ಔಷಧವಾಗಿದ್ದಿತು. ಬಂದ ಮೇಲೆ ಔಷಧವೇ ಶುಚಿತ್ವದ ಬದಲಿಗೆ ನಿಂತಿತು. ಈ ಸ್ಥಾನಪಲ್ಲಟವೇ ನಮ್ಮ ಚರಿತ್ರೆಯಲ್ಲಿ ಗಮನಿಸತಕ್ಕ ಘಟನೆ.

೭

ಇನ್ನು ವೆಚ್ಚದ ವಿಚಾರ. ಉದಾಹರಣೆಗಾಗಿ ಹರ್ನಿಯಾದ ಶಸ್ತ್ರಕ್ರಿಯೆಗೆ ಬಂದ ಒಬ್ಬ ರೈತನನ್ನು ಭಾವಿಸಿಕೊಳ್ಳೋಣ. ಸೂತ್ರದಂತೆ ನಡೆದರೆ ಅವನಿಗೆ ಕೊಯ್ತಕ್ಕೆ ಮೊದಲು ಒಂದು ಸೂಜಿ ಸಾಕು. ರೂಢಿಯಂತೆ ಎರಡು ಔಷಧಗಳನ್ನು ದಿನಕ್ಕೆರಡು ಸಲ, ಐದು ದಿನ ಕೊಟ್ಟರೆ ೨೦ ಸೂಜಿಗಳಾಗುತ್ತವೆ. ಮನೆಗೆ ಹೋಗುವಾಗ ಐದು ದಿನದ ಗುಳಿಗೆಗಳು ಬೇರೆ. ಔಷಧದ ಬೆಲೆಯೊಂದನ್ನೇ ಲೆಕ್ಕ ಹಿಡಿದರೂ ಈ ಅಂತರವು ದೊಡ್ಡದು. ಆದರೆ ವೆಚ್ಚವು ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ರತಿ ಸೂಜಿಗೂ ಸಿರಿಂಜು, ನೀರು, ಹತ್ತಿ ಬೇಕು. ದಾದಿಯ ಹೊತ್ತು ಬೇಕು. ಸೂಜಿ ಚುಚ್ಚಲೆಂದೇ ರೋಗಿಯನ್ನು ಹಾಸಿಗೆಯಲ್ಲಿ ಉಳಿಸಿಕೊಂಡರೆ ಆ ಹಾಸಿಗೆಗೆ ಬರಬೇಕಾದ ಮತ್ತೊಬ್ಬನು ಕಾಯಬೇಕು. ಕೈಯ ನರದಲ್ಲಿ ದಿನಗಟ್ಟಲೆ ಇರಿಸಿದ ಕೊಳವೆಯೇ ಬಾವಿಗೆ ಕಾರಣವಾಗುವುದುಂಟು. ಔಷಧದಿಂದ ಭೇದಿ, ತುರಿಕೆ, ವಾಂತಿಗಳುಂಟಾದರೆ ಅವಕ್ಕೆ ಮತ್ತೆ ಔಷಧ. ಜೊತೆಗೆ ಬಂದ ಹೆಂಡತಿಯ ಅಥವಾ ಮಗನ ಕೂಲಿ ಹೋಗುತ್ತದೆ. ಅವರ ಊಟ, ಬಸ್ಸಿನ ಖರ್ಚು ಬರುತ್ತದೆ. ಇವು ಯಾವ ಆಸ್ಪತ್ರೆಯ ಪಟ್ಟಿಯಲ್ಲಿಯೂ ಕಾಣುವುದಿಲ್ಲ. ಸಾಹುಕಾರನ ವಹಿಯಲ್ಲಿ ಮಾತ್ರ ಕಾಣುತ್ತವೆ.

ಸಾಲದ ಮಾತು ಬಂದಾಗ ಗದಗ ತಾಲೂಕಿನ ಕಣಗಿನಹಾಳವನ್ನು ನೆನೆಯದಿರಲಾಗದು. ೧೯೦೪ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಜಾರಿಗೆ ಬಂದ ಮರುವರ್ಷ, ೧೯೦೫ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಭಾರತದ ಮೊದಲ ಕೃಷಿಪತ್ತಿನ ಸಹಕಾರಿ ಸಂಘವು ಹುಟ್ಟಿದುದು ಈ ಹಳ್ಳಿಯಲ್ಲಿ. ರೈತನು ಬಡ್ಡಿಯ ಬಾಯಿಗೆ ಬೀಳದಂತೆ ತಡೆಯುವುದು ಅದರ ಉದ್ದೇಶವಾಗಿತ್ತು. ಅಲ್ಲಿಂದ ಹೆಚ್ಚುಕಡಮೆ ನೂರು ವರ್ಷಗಳ ಬಳಿಕ ಅದೇ ಸಹಕಾರ ತತ್ತ್ವವು ಶಸ್ತ್ರಕ್ರಿಯೆಯ ವೆಚ್ಚಕ್ಕೆ ಅನ್ವಯವಾಯಿತು. ೨೦೦೨ರ ನವೆಂಬರಿನಲ್ಲಿ ಉದ್ಘಾಟನೆಗೊಂಡು ೨೦೦೩ರ ಜೂನಿನಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ, ಸಹಕಾರಿ ಸಂಘದ ಸದಸ್ಯನಾದ ರೈತನು ಆರಂಭದಲ್ಲಿ ವರ್ಷಕ್ಕೆ ೬೦ ರೂಪಾಯಿಗಳ ವಂತಿಗೆ ಕೊಟ್ಟು, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗೊತ್ತುಪಡಿಸಿದ ದರದ ಶಸ್ತ್ರಕ್ರಿಯೆಯನ್ನು ಪಡೆಯಬಹುದಾಯಿತು. ೨೦೧೮ರಲ್ಲಿ ಇದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾಗಿ, ೨೦೨೨-೨೩ರಲ್ಲಿ ಮತ್ತೆ ಪ್ರತ್ಯೇಕವಾಗಿ ಆರಂಭವಾಯಿತು.

ಒಂದು ಶಸ್ತ್ರಕ್ರಿಯೆಗೆ ಒಂದೇ ಮೊತ್ತವೆಂದು ನಿಗದಿಯಾದಾಗ ಬೇಡದ ಔಷಧದ ಭಾರವು ರೋಗಿಯ ಮೇಲಿಂದ ಆಸ್ಪತ್ರೆಯ ಮೇಲೆ ಸರಿಯುತ್ತದೆ; ಆಸ್ಪತ್ರೆಯು ಮಿತವ್ಯಯವನ್ನು ಕಲಿಯಬೇಕಾಗುತ್ತದೆ. ಆದರೆ ಹೊರಗಿನ ಅಂಗಡಿಯಿಂದ ಔಷಧ ತರಿಸುವ ರೂಢಿಯು ಉಳಿದರೆ ಆ ಭಾರವು ಹಿಂದಿನ ಬಾಗಿಲಿನಿಂದ ರೋಗಿಯ ಮನೆಗೇ ಮರಳುತ್ತದೆ. ಒಟ್ಟಿನಲ್ಲಿ ಬಳ್ಳಿಗಾವೆಯಲ್ಲಿ ಮಠವು, ಮೀರಜ-ಬೆಟಗೇರಿಗಳಲ್ಲಿ ಮಿಷನ್ನು, ಆಮೇಲೆ ಸರಕಾರವು, ಸಹಕಾರಿ ಸಂಘವು ಹೊತ್ತ ಭಾರದ ಒಂದು ಪಾಲು ಇಂದು ರೋಗಿಯ ಕೈಚೀಲಕ್ಕೆ ಬಂದಿದೆ. ಆ ಪಾಲಿನಲ್ಲಿ ಅನಾವಶ್ಯಕ ಔಷಧದ ಬೆಲೆಯೂ ಸೇರಿದೆ.

೮

ವೆಚ್ಚದ ಇನ್ನೊಂದು ಮುಖವನ್ನು ಹಣದಲ್ಲಿ ಅಳೆಯುವುದು ಕಷ್ಟ. ಒಬ್ಬ ರೋಗಿಗೆ ಬೇಡದೆ ಕೊಟ್ಟ ಔಷಧವು ಅವನ ಮೈಯಲ್ಲಿ ಬಲಹೀನ ಅಣುಜೀವಿಗಳನ್ನು ಕೊಂದು ಬಲಶಾಲಿಗಳನ್ನು ಉಳಿಸುತ್ತದೆ. ಅವು ವಾರ್ಡಿನ ಕೈಯಿಂದ ಕೈಗೆ ಹರಡಿ, ಮುಂದೆ ಬರುವ ರೋಗಿಯ ಗಾಯವನ್ನು ಹೊಗುತ್ತವೆ. ಆ ಸಾಲವನ್ನು ತೀರಿಸತಕ್ಕವನು ಅದನ್ನು ಮಾಡಿದವನಲ್ಲ. ೨೦೦೮ರಲ್ಲಿ ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬನಲ್ಲಿ, ಕಡೆಯ ಆಸರೆಯೆನಿಸಿದ ಕಾರ್ಬಪೆನೆಮ್ ಔಷಧಗಳನ್ನೂ ನಿಷ್ಫಲಗೊಳಿಸುವ ಕಿಣ್ವವುಳ್ಳ ಅಣುಜೀವಿಯು ಕಂಡುಬಂದಿತು. ಅದಕ್ಕೆ ಎನ್‌ಡಿಎಂ-೧ ಎಂಬ ಹೆಸರು ಬಂದುದು, ಆ ಹೆಸರಿನಲ್ಲಿ ನಮ್ಮ ರಾಜಧಾನಿಯ ಉಲ್ಲೇಖವಿರುವುದು ಪ್ರಸಿದ್ಧವಾಗಿದೆ. ೨೦೧೯ರ ಒಂದೇ ವರ್ಷದಲ್ಲಿ ಔಷಧಗಳಿಗೆ ಜಗ್ಗದ ಅಣುಜೀವಿಗಳಿಂದ ಲೋಕದಲ್ಲಿ ನೇರವಾಗಿ ೧೨.೭ ಲಕ್ಷ ಜನರು ಮರಣ ಹೊಂದಿದರೆಂದು ವಿದ್ವಾಂಸರು ೨೦೨೨ರಲ್ಲಿ ಅಂದಾಜು ಮಾಡಿದ್ದಾರೆ.

ನಮ್ಮ ದೇಶದಲ್ಲಿಯೂ ಎಚ್ಚರವು ಮೂಡಿದೆ. ೨೦೧೨ರ ಚೆನ್ನೈ ಘೋಷಣೆಯಲ್ಲಿ ವೈದ್ಯರು ತಾವಾಗಿಯೇ ಈ ವಿಷಯವನ್ನು ಎತ್ತಿದರು. ೨೦೧೪ರ 'ಎಚ್-೧' ಅನುಸೂಚಿಯ ಮೂಲಕ ಕೆಲವು ಪ್ರತಿಜೀವಕಗಳೂ ಸೇರಿದಂತೆ ೪೬ ಔಷಧಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಬೇಕೆಂದು ನಿಯಮವಾಯಿತು. ೨೦೧೭ರಲ್ಲಿ ರಾಷ್ಟ್ರೀಯ ಕಾರ್ಯಯೋಜನೆಯು ಬಂದಿತು. ನಿಯಮಗಳಿಗೆ ಕೊರತೆಯಿಲ್ಲ, ಅವು ವಾರ್ಡಿನವರೆಗೆ ಇಳಿಯಬೇಕಾಗಿದೆ.

ಚರಿತ್ರೆಯ ವಿದ್ಯಾರ್ಥಿಯು ವೈದ್ಯನಿಗೆ ಔಷಧವನ್ನು ಸೂಚಿಸಲಾರನು. ಆದರೆ ಎರಡು ಮಾತುಗಳನ್ನು ಹೇಳಬಹುದು. ಮೊದಲನೆಯದು: ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ದವಾಖಾನೆಗಳಲ್ಲಿರುವ ಶಸ್ತ್ರಕ್ರಿಯೆಯ ವಹಿಗಳು, ಔಷಧದ ದಾಸ್ತಾನು ಪುಸ್ತಕಗಳು ತಾಳೆಯೋಲೆ, ಶಿಲಾಶಾಸನಗಳಷ್ಟೇ ಬೆಲೆಯುಳ್ಳ ಆಕರಗಳು. ಅವು ರದ್ದಿಗೆ ಹೋಗುವ ಮೊದಲು ರಕ್ಷಿತವಾಗಬೇಕು. ಯಾವ ಶಸ್ತ್ರಕ್ರಿಯೆಗೆ ಯಾವ ಔಷಧ, ಯಾವ ಹೊತ್ತಿಗೆ, ಎಷ್ಟು ದಿನ, ಗಾಯವು ಏನಾಯಿತು ಎಂಬ ನಾಲ್ಕು ಕಲಮುಗಳನ್ನು ಒಂದು ವರ್ಷ ತಪ್ಪದೆ ಬರೆದಿಟ್ಟರೆ, ರೂಢಿಯ ವೆಚ್ಚವೆಷ್ಟೆಂಬುದು ತಾನಾಗಿಯೇ ಹೊರಬೀಳುವುದು. ಎರಡನೆಯದು: ಈ ಸೀಮೆಯಲ್ಲಿ ಶಸ್ತ್ರವಿದ್ಯೆಯು ಬೇರೂರಿದುದು ಕುದಿಯುವ ನೀರಿನಿಂದ, ತೊಳೆದ ಕೈಯಿಂದ. ಪೆನಿಸಿಲಿನ್ ಬಂದುದು ಅದಕ್ಕೆ ನೆರವಾಗಿ. ನೆರವಿಗೆ ಬಂದವನಿಗೆ ಮನೆಯ ಯಜಮಾನಿಕೆಯನ್ನು ಒಪ್ಪಿಸಿದುದರ ಫಲವನ್ನು ಇಂದು ಉಣ್ಣುತ್ತಿದ್ದೇವೆ. ತುಂಗಭದ್ರೆಯ ನೀರು ಬೇಸಗೆಯಲ್ಲಿಯೂ ತಪ್ಪದೆ ಆಸ್ಪತ್ರೆಯ ನಳಕ್ಕೆ ಬರುವಂತೆ ಮಾಡಿದರೆ ಅದರಿಂದ ಉಳಿಯುವ ಔಷಧವು ಅಲ್ಪವಲ್ಲ. ಉಳಿಯುವ ಹಣವು ಬಡವನದು. ಉಳಿಯುವ ಜೀವವು ನಾಳೆ ಶಸ್ತ್ರಕ್ರಿಯೆಗೆ ಬರಲಿರುವವನದು.